ಹಂಚಿದ ಅಧಿಕಾರ, ಹಂಚದ ಅಧಿಕಾರ
(ಕುಷ್ಟಗಿಯಲ್ಲಿ ಮಾಡಿದ ಭಾಷಣ)



ಸಾರ್ವಭೌಮಾಧಿಕಾರವನ್ನು ಹಂಚಿದರೆ ರಾಜ್ಯವೇ ಒಡೆಯುತ್ತದೆಂದು ಇಂಗ್ಲೆಂಡಿನ ಹಾಬ್ಸ್ ಪಂಡಿತ 1651ರಲ್ಲಿ ವಾದಿಸಿದ. ಹಂಚದ ಅಧಿಕಾರವನ್ನು ನಮ್ಮ ಹಿರಿಯರು ಓದದೆಯೇ ಕಂಡರು. 1948ರ ಸೆಪ್ಟೆಂಬರ್‌ವರೆಗೆ ಈ ಕುಷ್ಟಗಿಗೆ ನಿಜಾಮನ ಫರ್ಮಾನೇ ಕಾನೂನು. ಬ್ರಿಟಿಷರಿಗೆ ಆತ ತಲೆಬಾಗುತ್ತಿದ್ದ, ನಿಜ, ಪ್ರಜೆಗಳಿಗಲ್ಲ.

ಕೊಪ್ಪಳ, ಯಲಬುರ್ಗಾ ಸಾಲಾರಜಂಗರ ಜಹಗೀರಾಗಿದ್ದವಲ್ಲ, ಅದು ಹಂಚಿಕೆಯಲ್ಲವೆ ಎಂದೀರಿ. ಅಂಗಡಿಯ ಕೆಲಸವನ್ನು ನಾಲ್ವರು ಗುಮಾಸ್ತರಿಗೆ ಹಂಚಿದರೆ ಅವರು ಪಾಲುದಾರರಾಗುವರೆ? ಪಾಲುದಾರನಿಗೆ ಲೆಕ್ಕ ಕೇಳುವ, ಬೇಡವೆನ್ನುವ ಹಕ್ಕುಂಟು. ಮಿಶ್ರ ಸರ್ಕಾರವೆಂದರೆ ಅದು. ಜಹಗೀರದಾರ ದೊರೆಗೆ ತಡೆಯಲ್ಲ. ರೈತನ ಮೇಲೆ ಇನ್ನೊಬ್ಬ ದೊರೆ, ಅಷ್ಟೆ.

ಈಗ ನಮ್ಮ ಸಂವಿಧಾನದ ಕಥೆ ಕೇಳಿ. 1989ರ ಏಪ್ರಿಲ್ 21ರಂದು ದಿಲ್ಲಿಯವರು ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದರು. ಶಾಸನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ಪಾರ್ಲಿಮೆಂಟಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸಕೂಡದು.

ಐದು ವರ್ಷ ಹಿಡಿಯಿತು, ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಮಿಶ್ರ ಸರ್ಕಾರ ಎತ್ತಿನ ಗಾಡಿಯೇ, ಒಪ್ಪುತ್ತೇನೆ. ಆದರೆ ಹಾಬ್ಸ್ ಹೆದರಿದಂತೆ ರಾಜ್ಯ ಒಡೆಯಲಿಲ್ಲ. 1999ರ ಫೆಬ್ರವರಿಯಲ್ಲಿ ಬಿಹಾರದ ಸರ್ಕಾರವನ್ನು ವಜಾ ಮಾಡಿದಾಗ ದಿಲ್ಲಿಗೆ ರಾಜ್ಯಸಭೆಯಲ್ಲಿ ಬಲ ಸಾಲಲಿಲ್ಲ. ಮಾರ್ಚಿಯಲ್ಲೇ ಆ ಸರ್ಕಾರವನ್ನು ಮರಳಿ ಕೂರಿಸಬೇಕಾಯಿತು.