ಜಗಲಿಯಿಂದ ಕಂಡ ಊರು



ನನ್ನನ್ನು ಸಮಾಜಶಾಸ್ತ್ರದ ಈ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿದ್ದೀರಿ, ಕೃತಜ್ಞ. ಉಪಚಾರದ ಮಾತು ಇಷ್ಟು ಸಾಕು.

ಮಂಡ್ಯದ ಕಡೆಯ ಒಂದು ಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿಯೊಂದಿದೆ. ಮೂವತ್ತು ವರ್ಷದ ಹಿಂದೆ ನಾನು ಸಂಶೋಧನೆಗೆಂದು ಅಲ್ಲಿಗೆ ಹೋಗುತ್ತಿದ್ದಾಗ ಒಳಗಿನ ಹಲಗೆಯ ಮೇಲೆ ಗಾಜಿನ ಲೋಟಗಳಿದ್ದವು, ಹೊರಗಿನ ಕಟ್ಟೆಯ ತುದಿಯಲ್ಲಿ ನಾಲ್ಕು ನೆಗ್ಗಿದ ಅಲ್ಯೂಮಿನಿಯಂ ಲೋಟಗಳು. ಆ ನಾಲ್ಕರಲ್ಲಿ ಕುಡಿದವರು ತಾವೇ ತೊಳೆದು ಬೋರಲು ಹಾಕಿ ಹೋಗಬೇಕಿತ್ತು. ಹೋದ ವರ್ಷ ಮತ್ತೆ ಹೋದೆ. ಎಲ್ಲರಿಗೂ ಪೇಪರ್ ಲೋಟ. ಅಂಗಡಿಯವನನ್ನು ಕೇಳಿದರೆ, 'ಈಗ ಯಾರು ಸಾ ತೊಳೀತಾರೆ, ಕುಡೀತಾರೆ, ಬಿಸಾಕ್ತಾರೆ' ಅಂದ. ಇದನ್ನು ಅಸ್ಪೃಶ್ಯತೆ ಅಳಿದ ಲೆಕ್ಕಕ್ಕೆ ಬರೆಯಲೋ, ಪೇಪರ್ ಲೋಟ ಅಗ್ಗವಾದ ಲೆಕ್ಕಕ್ಕೋ ಎಂದು ತಿಳಿಯದೆ ಅರ್ಧ ಗಂಟೆ ಅಲ್ಲೇ ಕೂತೆ. ಬೆಂಚಿನ ಮೇಲೆ ಊರಿನ ಯಜಮಾನರು. ದಲಿತರ ಕೇರಿಯ ಮೂವರು ಹುಡುಗರು ಬಂದರು, ಬೈಕಿನಿಂದ ಇಳಿಯದೆಯೇ ಟೀ ಕುಡಿದು ಹೋದರು. ಬೆಂಚಿನ ಗೊಡವೆಯೇ ಅವರಿಗೆ ಬೇಡವಾಗಿತ್ತು. ಅಥವಾ ಬೇಡ ಎಂದು ತೋರಿಸಿಕೊಳ್ಳುತ್ತಿದ್ದರು.

ಬದಲಾವಣೆ ಅನ್ನುವುದು ನೋಡುವವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ ಬೇರೆ ಬೇರೆಯಾಗಿ ಕಾಣುತ್ತದೆ. ಇದನ್ನು ನಮ್ಮ ಶಾಸ್ತ್ರ ಬಲ್ಲದು, ಆದರೆ ಪಾಠ ಮಾಡುವಾಗ ನಾವು ಮರೆಯುತ್ತೇವೆ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ತಾವು ರಾಂಪುರ ಎಂದು ಕರೆದ ಹಳ್ಳಿಗೆ ಹೋದರು. ಉಳಿದುಕೊಂಡದ್ದು ಪಟೇಲರ ಎತ್ತಿನ ಮನೆಯಲ್ಲಿ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟವು. ನೆನಪನ್ನೇ ನೆಚ್ಚಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಪ್ರಬಲ ಜಾತಿ, ಅಂದರೆ ನೆಲ, ಸಂಖ್ಯೆ, ಅಧಿಕಾರಗಳಲ್ಲಿ ಊರಿನ ಮೇಲೆ ಹಿಡಿತವಿರುವ ಜಾತಿ, ಎಂಬ ಪರಿಕಲ್ಪನೆ ಗಟ್ಟಿಯಾದದ್ದು ಆ ಹಳ್ಳಿಯಲ್ಲಿ. ಇವತ್ತು ಟಿವಿಯಲ್ಲಿ ಅರಚಾಡುವವರೆಲ್ಲ ಬಳಸುವ 'ವೋಟ್ ಬ್ಯಾಂಕ್' ಎಂಬ ಮಾತು ಚಾಲ್ತಿಗೆ ಬಂದದ್ದೂ ಅವರ ಬರಹದಿಂದ. ಪಟೇಲರ ಆಶ್ರಯದಲ್ಲಿ ಇದ್ದುದರಿಂದ ದಲಿತರ ಕೇರಿ ತಮಗೆ ಸರಿಯಾಗಿ ದಕ್ಕಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು. ನಮ್ಮ ಪರೀಕ್ಷೆಯ ಗೈಡುಗಳು ಮಾತ್ರ ಆ ಪುಟವನ್ನು ಬಿಟ್ಟು ಮುಂದೆ ಹೋಗುತ್ತವೆ.

ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ. ಅದೇ ವರ್ಷ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ 25ರ ಹರೆಯದ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ್ದರು. ಜಾತಿಯ ತಿರುಳು ಒಳವಿವಾಹ, ಮೇಲಿನವರು ಬಾಗಿಲು ಹಾಕಿಕೊಂಡದ್ದನ್ನು ನೋಡಿ ಉಳಿದವರು ಅನುಕರಿಸಿದರು, ಮಿಕ್ಕವರ ಮುಖಕ್ಕೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು ಎಂಬುದು ಅದರ ಸಾರ. 1952ರ ಕೊಡಗಿನ ಪುಸ್ತಕದಲ್ಲಿ ಶ್ರೀನಿವಾಸ್ 'ಸಂಸ್ಕೃತೀಕರಣ' ಎಂದದ್ದೂ ಅನುಕರಣೆಯನ್ನೇ. ಶ್ರೀನಿವಾಸರ ಕಣ್ಣಿಗೆ ಅನುಕರಣೆ ಏಣಿಯಾಗಿ ಕಂಡಿತು, ಅಂಬೇಡ್ಕರರ ಕಣ್ಣಿಗೆ ಗೋಡೆ ಕಟ್ಟುವ ಕೆಲಸವಾಗಿ. ನಾವು ಏಣಿಯನ್ನು ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತೇವೆ, ಗೋಡೆಯನ್ನು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಭಾಷಣಕ್ಕೆ ಎತ್ತಿಡುತ್ತೇವೆ. ಎರಡನ್ನೂ ಒಂದೇ ತರಗತಿಯಲ್ಲಿ, ಒಂದೇ ವಾರದಲ್ಲಿ ಓದಿಸಿ ನೋಡಿ. ಹುಡುಗರು ಮಾತಾಡಲು ಶುರು ಮಾಡುತ್ತಾರೆ.

ಮಂಡ್ಯದ್ದೇ ಇನ್ನೊಂದು ಮಾತು ಹೇಳಬೇಕು. 1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಣ್ಣುಮಗಳು ಅಲ್ಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ವಂಗಲ, ದಲೇನ ಎಂದು ಹೆಸರಿಟ್ಟುಕೊಂಡರು. ವಂಗಲಕ್ಕೆ ನಾಲೆ ನೀರು ಬಂತು. ಕಬ್ಬು ಬೆಳೆಯಿತು, ಕೈಯಲ್ಲಿ ದುಡ್ಡು ಆಡಿತು. ದಲೇನ ಎತ್ತರದ ಒಣಭೂಮಿ, ನೀರು ಹತ್ತಲಿಲ್ಲ. ಅಲ್ಲಿನವರು ಮಂಡ್ಯ ಪೇಟೆಗೆ ನೌಕರಿ, ವ್ಯಾಪಾರ, ಗಾಡಿ ಬಾಡಿಗೆ ಎಂದು ಚದುರಿದರು. ನೀರು ಬಂದ ಊರೇ ಬದಲಾಗುತ್ತದೆ ಎಂದು ನೀವೂ ನಾನೂ ಊಹಿಸುತ್ತಿದ್ದೆವು. ಆದದ್ದು ತಿರುಗುಮುರುಗು. ವಂಗಲದಲ್ಲಿ ಬೇಸಾಯ ಬೇಸಾಯವಾಗಿಯೇ ಉಳಿದದ್ದರಿಂದ ಒಡೆಯ-ಆಳಿನ ವಂಶಪಾರಂಪರ್ಯದ ನಂಟು ಹಾಗೇ ನಿಂತಿತು. ದಲೇನದಲ್ಲಿ ಅದು ಕಳಚಿಕೊಂಡಿತು. ಬದಲಾವಣೆ ಕಾಲುವೆಯ ಹಾದಿಯನ್ನೇ ಹಿಡಿಯಲಿಲ್ಲ. ಇಂದು ಅಭಿವೃದ್ಧಿ ಎಂದರೆ ಯೋಜನೆ, ಮೊತ್ತ, ಉದ್ಘಾಟನೆ ಎಂದುಕೊಂಡವರಿಗೆ ಈ ಪುಸ್ತಕವನ್ನು ಯಾರಾದರೂ ಕೊಡಬೇಕು. 1962ರಲ್ಲೇ ಅಚ್ಚಾಗಿದೆ.

ಸಮಾಜಶಾಸ್ತ್ರಜ್ಞ ಡಿ.ಪಿ. ಮುಖರ್ಜಿ 1955ರಲ್ಲಿ ಇಂಥದೇ ಪೀಠದಿಂದ ಡೆಹ್ರಾಡೂನಿನಲ್ಲಿ ಮಾತಾಡುತ್ತ, ಭಾರತದ ಸಮಾಜಶಾಸ್ತ್ರಜ್ಞನ ಮೊದಲ ಕರ್ತವ್ಯ ಇಲ್ಲಿನ ಪರಂಪರೆಯನ್ನು ಅರಿಯುವುದು ಎಂಬ ಅರ್ಥದ ಮಾತು ಹೇಳಿದ್ದರು. ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ: ಯಾರ ಪರಂಪರೆ, ಯಾರ ಬಾಯಿಂದ ಕೇಳಿದ್ದು? ಲಾವಣಿ ಹಾಡುವಾಕೆಯದೂ ಪರಂಪರೆಯೇ, ತಮಟೆ ಬಡಿಯುವುದನ್ನು ಬಿಟ್ಟವನ ನಿರಾಕರಣೆಯೂ ಒಂದು ಪರಂಪರೆಯೇ.

ನಮ್ಮ ಎಂ.ಎ. ವಿದ್ಯಾರ್ಥಿಗಳು ಈಗ ಕ್ಷೇತ್ರಕಾರ್ಯವೆಂದು ಮೊಬೈಲಿನಲ್ಲಿ ಗೂಗಲ್ ಫಾರಂ ಕಳಿಸುತ್ತಾರೆ. ಉತ್ತರ ತುಂಬುವವರು ಅವರದೇ ಸ್ನೇಹಿತರು. ಅಂಕಿ ಬರುತ್ತದೆ, ಊರು ಬರುವುದಿಲ್ಲ. ತಪ್ಪು ಅವರದಲ್ಲ, ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಇನ್ನೇನು ಮಾಡಿಯಾರು? ಆದರೆ ಊರು ದಕ್ಕಬೇಕಾದರೆ ಮತ್ತೆ ಹೋಗಬೇಕು. ಎಪ್‌ಸ್ಟೀನ್ ಸುಮಾರು ಹದಿನೈದು ವರ್ಷದ ಮೇಲೆ ಅದೇ ಹಳ್ಳಿಗಳಿಗೆ ಮರಳಿ ಹೋಗಿ ಇನ್ನೊಂದು ಪುಸ್ತಕ ಬರೆದರು. ನನ್ನ ಕೋರಿಕೆ ಚಿಕ್ಕದು. ಪ್ರತಿ ವಿಭಾಗವೂ ಒಂದು ಊರನ್ನು, ಬೇಕಾದರೆ ಒಂದು ಕೇರಿಯನ್ನೋ ಬಸ್ ಸ್ಟ್ಯಾಂಡನ್ನೋ ಆಯ್ದುಕೊಳ್ಳಲಿ. ಪ್ರತಿ ವರ್ಷದ ತಂಡ ಅಲ್ಲಿಗೇ ಹೋಗಲಿ, ಹಿಂದಿನವರ ಟಿಪ್ಪಣಿ ಓದಿಕೊಂಡು ಹೋಗಲಿ. ಒಮ್ಮೆ ಪಟೇಲರ ಜಗಲಿ, ಮುಂದಿನ ಸಲ ಕೇರಿಯ ಕಟ್ಟೆ, ಮತ್ತೊಮ್ಮೆ ಸ್ವಸಹಾಯ ಸಂಘದ ಹೆಂಗಸರು ಕೂರುವ ಅಂಗನವಾಡಿ. ಆ ಟಿಪ್ಪಣಿಗಳನ್ನು ಇಡಲು ಒಂದು ಬೀರು ಬೇಕಾಗುತ್ತದೆ, ಅದರ ಖರ್ಚನ್ನು ನಾಳೆಯ ಸರ್ವಸದಸ್ಯರ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ. ಈಗ ಮೊದಲ ಗೋಷ್ಠಿಯವರು ಕಾಯುತ್ತಿದ್ದಾರೆ.