ಕರ್ನಲ್‌ನ ಒಳಗನ್ನು ಓದುವ ಬಗೆ



ಕಂಪ್ಯೂಟರಿನ ಮೆಮೊರಿಯನ್ನೂ ಪ್ರೊಸೆಸರಿನ ಸಮಯವನ್ನೂ ಪ್ರೋಗ್ರಾಮುಗಳಿಗೆ ಹಂಚಿಕೊಡುವ ಮೂಲ ತಂತ್ರಾಂಶವೇ ಕರ್ನಲ್. ಅದರ ಒಳಗನ್ನು ತಿಳಿಯುವುದು ಹೇಗೆ?

ಆಸ್ಟ್ರೇಲಿಯದ ಅಧ್ಯಾಪಕ ಜಾನ್ ಲಯನ್ಸ್ 1976ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಯುನಿಕ್ಸ್ ಕರ್ನಲ್ಲಿನ ಸುಮಾರು 9,000 ಸಾಲುಗಳಿಗೆ ವ್ಯಾಖ್ಯಾನ ಬರೆದರು. ಪರವಾನಗಿಯ ನಿರ್ಬಂಧದಿಂದಾಗಿ ಅದು ಪುಸ್ತಕವಾಗಿ ಪ್ರಕಟವಾದದ್ದು 1996ರಲ್ಲಿ. ಅಲ್ಲಿಯವರೆಗೆ ಜೆರಾಕ್ಸ್ ಪ್ರತಿಗಳಲ್ಲೇ ಕೈಯಿಂದ ಕೈಗೆ ಸಾಗಿತು.

ಇಂದು ಲಿನಕ್ಸ್ ಕರ್ನಲ್ಲಿನ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ‘ಡಾಕ್ಯುಮೆಂಟೇಶನ್’ ಎಂಬ ವಿವರಣೆಯ ಭಾಗವೂ ಅದರ ಜೊತೆಗೇ ಇದೆ. ಆದರೆ ಸಂಕೇತ ಬದಲಾದಾಗ ವಿವರಣೆ ಹಿಂದೆ ಉಳಿಯುವುದುಂಟು. ಅದನ್ನೇ ನಂಬಿದವರು ದಾರಿ ತಪ್ಪುತ್ತಾರೆ. ಆದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿರಿ. ವ್ಯತ್ಯಾಸ ಕಂಡರೆ ವಿವರಣೆಯನ್ನು ತಿದ್ದಿ, ಕಾರಣ ಬರೆದು, ಆ ಭಾಗದ ನಿರ್ವಾಹಕರಿಗೆ ಕಳುಹಿಸಿರಿ. ವಿದ್ಯಾರ್ಥಿ ತಿದ್ದಿದ ಸಾಲು ಸರಿಯಾಗಿದ್ದರೆ ಅದಕ್ಕೂ ಅಲ್ಲಿ ಸ್ಥಾನವಿದೆ.