ಅರ್ಜಿ ಎಲ್ಲಿ ಹೋಯಿತು?

(ಫರಂಗಿಪೇಟೆಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಈಗಷ್ಟೇ ಕೋಶಾಧಿಕಾರಿಯವರು ಲೆಕ್ಕಪತ್ರ ಓದಿದರು. ಅದರಲ್ಲಿ ‘ವೆಬ್‌ಸೈಟ್ ವೆಚ್ಚ’ ಎಂಬ ಒಂದು ಸಾಲು ಇದೆ. ಅದನ್ನು ವಿವರಿಸುವ ಕೆಲಸವನ್ನು ಸಮಿತಿಯವರು ನಮಗೆ ಕೊಟ್ಟಿದ್ದಾರೆ. ದಾನಿಯೊಬ್ಬರು ಸಭೆಗೆ ಮೊದಲೇ ಕೇಳಿದರು: "ಟೀಚರ್, ನಾವು ಕೊಟ್ಟ ಝಕಾತ್ ಹಣ ಕಂಪ್ಯೂಟರಿಗೆ ಹೋಯಿತಾ?" ಇಲ್ಲ. ಝಕಾತಿನ ಖಾತೆ ಬೇರೆ, ಅದರಿಂದ ಒಂದು ರೂಪಾಯಿಯೂ ಇದಕ್ಕೆ ಹೋಗಿಲ್ಲ. ವೆಬ್‌ಸೈಟಿನ ಹೆಸರಿನ ನೋಂದಣಿ ಮತ್ತು ವರ್ಷದ ಬಾಡಿಗೆಯನ್ನು ಸಮಿತಿಯ ಸದಸ್ಯರೇ ತಮ್ಮ ಕೈಯಿಂದ ಹಾಕಿದ್ದಾರೆ. ಕೆಲಸ ಮಾಡಿಕೊಟ್ಟವನು ನಮ್ಮ ಹಳೆಯ ವಿದ್ಯಾರ್ಥಿ, ಅವನು ಏನೂ ತೆಗೆದುಕೊಂಡಿಲ್ಲ.

ಇದು ಸುಲಭದ ಪ್ರಶ್ನೆ. ಕಷ್ಟದ ಪ್ರಶ್ನೆಯನ್ನು ಕೇಳಿದವರು ಒಬ್ಬ ತಾಯಿ. ಅದನ್ನು ದಾನಿಗಳೂ ಕೇಳಬೇಕು ಎಂದು ನಮಗೆ ಅನಿಸಿತು.

ಕಳೆದ ವರ್ಷ ಸಂದರ್ಶನ ಮುಗಿದು, ಪಟ್ಟಿ ಪ್ರಕಟವಾಗಿ ಎರಡು ವಾರವಾಗಿತ್ತು. ಬೀಡಿ ಕಟ್ಟಿ ಮನೆ ನಡೆಸುವ ಆ ತಾಯಿ ನಮ್ಮ ಮನೆಗೆ ಬಂದರು. "ಟೀಚರ್, ನಮ್ಮ ಹುಡುಗಿಯನ್ನು ಯಾಕೆ ಕರೆಯಲಿಲ್ಲ? ಮಾರ್ಕು ಕಡಿಮೆ ಆಯಿತಾ?" ಎಂದರು. ಅರ್ಜಿಗಳ ಕಟ್ಟು ನಮ್ಮಲ್ಲೇ ಇತ್ತು. ನೋಡಿದೆವು, ಆ ಹುಡುಗಿಯ ಹೆಸರೇ ಇರಲಿಲ್ಲ. ‘ನೀವು ಅರ್ಜಿ ಹಾಕಿಲ್ಲ’ ಎಂಬ ಮಾತು ನಮ್ಮ ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಸೈಬರ್ ಅಂಗಡಿಯ ಕಂಪ್ಯೂಟರ್ ಪರದೆಯ ಫೋಟೋ ಅದು. ನಮ್ಮದೇ ವೆಬ್‌ಸೈಟ್, ಅದರಲ್ಲಿ ನಮ್ಮದೇ ಮಾತು: ‘ಧನ್ಯವಾದಗಳು, ನಿಮ್ಮ ಅರ್ಜಿ ನಮಗೆ ತಲುಪಿದೆ.’

ತಲುಪಿರಲಿಲ್ಲ. ಕಾಲೇಜಿನ ಶುಲ್ಕದ ಕೊನೆಯ ದಿನ ಬಂದಾಗ ಅವರು ಕಿವಿಯ ಚಿನ್ನವನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದರು. ನಮ್ಮ ಪಟ್ಟಿಗೆ ಕಾದು ಕಾದು ಕೊನೆಗೆ ಮಾಡಿದ ಕೆಲಸ ಅದು.

ಹಳೆಯ ವಿದ್ಯಾರ್ಥಿಯನ್ನು ಅಂದೇ ಸಂಜೆ ಕರೆಸಿದೆವು. ಅವನು ಟ್ರಸ್ಟಿನ ಜೀಮೇಲ್ ತೆರೆದು ‘ಸ್ಪ್ಯಾಮ್’ ಎಂಬ ವಿಭಾಗಕ್ಕೆ ಹೋದ. ಲಾಟರಿ, ಸಾಲ, ಔಷಧಿಯ ಜಾಹೀರಾತುಗಳ ನಡುವೆ ಒಂಬತ್ತು ಅರ್ಜಿಗಳಿದ್ದವು. ಸ್ಪ್ಯಾಮಿಗೆ ಹೋದದ್ದನ್ನು ಜೀಮೇಲ್ 30 ದಿನಗಳಾದ ಮೇಲೆ ತಾನಾಗಿಯೇ ಅಳಿಸಿಬಿಡುತ್ತದೆ. ಆ ಹುಡುಗಿಯ ಅರ್ಜಿ ಅದಕ್ಕಿಂತ ಹಳೆಯದು. ಹಾಗೆ ಹೋದವು ಎಷ್ಟೋ, ಲೆಕ್ಕ ಸಿಗುವುದಿಲ್ಲ.

ಹೀಗೇಕಾಯಿತು ಎಂದು ತಿಳಿಯಲು ನಾವು ಅವನ ಪಕ್ಕದಲ್ಲಿ ಕುಳಿತು ಪಾಠ ಹೇಳಿಸಿಕೊಂಡೆವು. ಅರ್ಥವಾದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ವೆಬ್‌ಸೈಟಿನಲ್ಲಿ ಹೆಸರು, ಊರು, ಅಂಕ ತುಂಬಿಸಿ ‘ಕಳುಹಿಸಿ’ ಎಂದು ಒತ್ತುತ್ತೀರಲ್ಲ, ಆ ಪುಟಕ್ಕೆ ತಾನಾಗಿ ಇಮೇಲ್ ಕಳುಹಿಸುವ ಶಕ್ತಿ ಇಲ್ಲ. ಅದು ನೀವು ಬರೆದದ್ದನ್ನು ನಾವು ಬಾಡಿಗೆಗೆ ಪಡೆದ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಒಪ್ಪಿಸುತ್ತದೆ. ಅಲ್ಲಿ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಸಣ್ಣ ಕಾರ್ಯಕ್ರಮವೊಂದು ಅದನ್ನು ಓದಿ, ಪತ್ರದ ರೂಪಕ್ಕೆ ತಂದು, ಅಂಚೆಗೆ ಹಾಕುತ್ತದೆ. ಈ ಅಂಚೆಗೂ ಒಂದು ಕ್ರಮವಿದೆ, ಅದರ ಹೆಸರು ಎಸ್‌ಎಂಟಿಪಿ. 1982ರಲ್ಲಿ ಮಾಡಿದ ಕ್ರಮ, ಸುಧಾರಣೆಗಳೊಂದಿಗೆ ಇಂದಿಗೂ ಅದೇ ನಡೆಯುತ್ತಿದೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು. ಆಗ ನಾವು ಶಾಲೆಯಲ್ಲಿ ಸ್ಟೆನ್ಸಿಲ್ ಕೊರೆದು ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದೆವು.

ನಮ್ಮ ಫಾರ್ಮಿನ ತಪ್ಪು ಎಲ್ಲಿತ್ತೆಂದರೆ, ಅರ್ಜಿ ಹಾಕಿದವರ ಇಮೇಲ್ ವಿಳಾಸವನ್ನೇ ಅದು ‘ಇವರಿಂದ’ ಎಂಬ ಜಾಗದಲ್ಲಿ ಹಾಕುತ್ತಿತ್ತು. ಉತ್ತರ ಬರೆಯಲು ಸುಲಭವಾಗಲಿ ಎಂಬ ಒಳ್ಳೆಯ ಯೋಚನೆ. ಆದರೆ ಪತ್ರ ಹೊರಡುವುದು ಅವರ ಜೀಮೇಲಿನಿಂದ ಅಲ್ಲ, ನಮ್ಮ ಬಾಡಿಗೆಯ ಸರ್ವರಿನಿಂದ. ಶಾಲೆಯ ಗೇಟಿನಲ್ಲಿ ಒಂದು ಪಟ್ಟಿ ಇರುತ್ತದೆ: ಈ ಮಗುವನ್ನು ಕರೆದುಕೊಂಡು ಹೋಗಲು ಅಜ್ಜಿ ಬರಬಹುದು, ಮಾವ ಬರಬಹುದು, ಬೇರೆಯವರೊಡನೆ ಕಳುಹಿಸಬೇಡಿ ಎಂದು. ಇಮೇಲಿನಲ್ಲಿಯೂ ಅಂಥ ಪಟ್ಟಿ ಇದೆ, ಅದನ್ನು ಎಸ್‌ಪಿಎಫ್ ಎನ್ನುತ್ತಾರೆ. ಜೀಮೇಲ್ ಹೆಸರಿನಲ್ಲಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿಯನ್ನು ಗೂಗಲ್ ಪ್ರಕಟಿಸಿದೆ. ಅದರಲ್ಲಿ ನಮ್ಮ ಸರ್ವರ್ ಇಲ್ಲ. ‘ಹೆಸರು ಒಬ್ಬರದು, ತಂದವರು ಇನ್ನೊಬ್ಬರು’ ಎಂದು ಕಂಡಾಗ ಗೇಟಿನವನು ಸಂಶಯಪಡುವುದು ಅವನ ತಪ್ಪಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ತಪಾಸಣೆಯನ್ನು ಇನ್ನಷ್ಟು ಬಿಗಿ ಮಾಡಿವೆ.

ಹಾಗಾದರೆ ಪರದೆಯ ಮೇಲೆ ‘ತಲುಪಿದೆ’ ಎಂದು ಬಂದದ್ದು ಹೇಗೆ? ನಮಗೆ ಹೆಚ್ಚು ಬೇಸರವಾದದ್ದು ಇಲ್ಲಿಯೇ. ಪಿಎಚ್‌ಪಿಯ ‘ಮೇಲ್’ ಎಂಬ ಆಜ್ಞೆ ‘ಸರಿ’ ಎಂದು ಹೇಳಿದರೆ, ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ್ದೇನೆ ಎಂದಷ್ಟೇ ಅರ್ಥ. ಮುಟ್ಟಿತು ಎಂದಲ್ಲ. ಹಿಂದೆ ರಿಜಿಸ್ಟರ್ಡ್ ಪತ್ರಕ್ಕೆ ಸ್ವೀಕೃತಿ ಕಾರ್ಡು ಲಗತ್ತಿಸುತ್ತಿದ್ದೆವು, ಸಹಿಯಾಗಿ ವಾಪಸು ಬಂದ ಮೇಲೆಯೇ ನಂಬಿಕೆ. ನಾವು ಡಬ್ಬಿಗೆ ಹಾಕಿದ್ದನ್ನೇ ಸ್ವೀಕೃತಿ ಎಂದು ಆ ತಾಯಿಗೆ ಹೇಳಿದ್ದೆವು.

ಮೊದಲೇ ಪರೀಕ್ಷೆ ಮಾಡಿರಲಿಲ್ಲವೇ ಎಂದು ಕೇಳುವಿರಿ. ಮಾಡಿದ್ದೆವು. ಎರಡು ಸಲ, ಟ್ರಸ್ಟಿನ ಕಂಪ್ಯೂಟರಿನಿಂದ, ನಮ್ಮ ವೆಬ್‌ಸೈಟಿನದೇ ಇಮೇಲ್ ವಿಳಾಸ ಹಾಕಿ. ಆ ವಿಳಾಸದ ಪಟ್ಟಿಯಲ್ಲಿ ನಮ್ಮ ಸರ್ವರಿನ ಹೆಸರು ಇತ್ತು, ಆದ್ದರಿಂದ ಎರಡೂ ಸಲ ಪತ್ರ ಬಂತು. ಬಿಎಡ್ ಮಾಡುವಾಗ ನಮಗೆ ಕಲಿಸಿದ್ದರು, ಪ್ರಶ್ನೆಪತ್ರಿಕೆ ತಯಾರಿಸಿದವರು ಅದನ್ನು ಮಗುವಿನಂತೆ ಕುಳಿತು ಬಿಡಿಸಿ ನೋಡಬೇಕು ಎಂದು. ಮೂವತ್ತು ವರ್ಷಕ್ಕೂ ಮೇಲೆ ಅದನ್ನು ಪಾಲಿಸಿ, ಇಲ್ಲಿ ಮರೆತೆವು.

ಈಗ ಸರಿಪಡಿಸಿದ್ದು ಹೀಗೆ. ಪತ್ರ ಯಾವಾಗಲೂ ಟ್ರಸ್ಟಿನ ಸ್ವಂತ ವಿಳಾಸದಿಂದಲೇ ಹೊರಡುತ್ತದೆ, ಅರ್ಜಿದಾರರ ವಿಳಾಸ ‘ಉತ್ತರ ಇಲ್ಲಿಗೆ’ ಎಂಬ ಜಾಗದಲ್ಲಿರುತ್ತದೆ. ಸರ್ವರ್ ಈಗ ಗುಪ್ತಪದ ಕೊಟ್ಟು ಒಳಗೆ ಹೋಗಿ ಪತ್ರ ಕಳುಹಿಸುತ್ತದೆ. ಪತ್ರಕ್ಕೆ ಡಿಕೆಐಎಂ ಎಂಬ ಗಣಿತದ ಮೊಹರು ಬೀಳುತ್ತದೆ, ದಾರಿಯಲ್ಲಿ ಯಾರಾದರೂ ತಿದ್ದಿದರೆ ಮೊಹರು ಹೊಂದುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಮೇಲ್ ಕಳುಹಿಸುವ ಮೊದಲೇ ಅರ್ಜಿಯನ್ನು ದಾಖಲೆ ಪುಸ್ತಕಕ್ಕೆ, ಅಂದರೆ ಡೇಟಾಬೇಸಿಗೆ, ಬರೆದಿಡುತ್ತದೆ. ಬರೆದದ್ದು ಖಚಿತವಾದ ಮೇಲೆಯೇ ಪರದೆಯಲ್ಲಿ ಅರ್ಜಿ ಸಂಖ್ಯೆ ಬರುತ್ತದೆ. ಇಮೇಲ್ ಎಲ್ಲಿ ಕಳೆದುಹೋದರೂ ಅರ್ಜಿ ಕಳೆಯುವುದಿಲ್ಲ. ಪ್ರತಿ ಶನಿವಾರ ನಾವಿಬ್ಬರು ಕುಳಿತು ಪುಸ್ತಕದ ಸಂಖ್ಯೆಯನ್ನೂ ಬಂದ ಇಮೇಲುಗಳ ಸಂಖ್ಯೆಯನ್ನೂ ತಾಳೆ ಹಾಕುತ್ತೇವೆ. ಹಾಜರಿ ಪುಸ್ತಕ ನೋಡಿದ ಅಭ್ಯಾಸ, ಬೇಸರವಾಗುವುದಿಲ್ಲ.

ಯಂತ್ರದ ತಪ್ಪು ಹೀಗೆ ಸರಿಯಾಯಿತು. ಆಮೇಲೆ ಫಾರ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದೆವು. ಅಲ್ಲಿ ಇದ್ದದ್ದು ನಮ್ಮದೇ ತಪ್ಪು, ಯಾವ ಸರ್ವರಿನದೂ ಅಲ್ಲ.

‘ಕೊನೆಯ ಹೆಸರು’ ಎಂಬ ಕಾಲಂ ಕಡ್ಡಾಯವಾಗಿತ್ತು. ನಮ್ಮ ಊರಿನ ಎಷ್ಟು ಮಕ್ಕಳಿಗೆ ಕೊನೆಯ ಹೆಸರಿದೆ? ಒಂದು ಹೆಸರು, ಮುಂದೆ ತಂದೆಯ ಹೆಸರಿನ ಅಕ್ಷರ, ಅಷ್ಟೇ. ಕೆಲವರು ಅಲ್ಲಿ ಚುಕ್ಕಿ ಹಾಕಿದರು, ಕೆಲವರು ಊರಿನ ಹೆಸರು ಹಾಕಿದರು, ಒಬ್ಬ ಹುಡುಗ ತನ್ನ ಹೆಸರನ್ನೇ ಎರಡು ಸಲ ಬರೆದ. ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದೆ ನಾವು ತಲೆ ಕೆರೆದುಕೊಂಡೆವು. ಈಗ ಒಂದೇ ಕಾಲಂ: ‘ಅಂಕಪಟ್ಟಿಯಲ್ಲಿ ಇರುವಂತೆ ಹೆಸರು’.

ಇಮೇಲ್ ವಿಳಾಸವೂ ಕಡ್ಡಾಯವಾಗಿತ್ತು. ಬೀಡಿ ಕಟ್ಟುವ ತಾಯಿಗೆ ಎಲ್ಲಿಯ ಇಮೇಲ್? ಸೈಬರ್ ಅಂಗಡಿಯವರು ತಮ್ಮದೇ ವಿಳಾಸ ಹಾಕಿ ಉಪಕಾರ ಮಾಡಿದರು. ನಾವು ಸಂದರ್ಶನದ ದಿನ ತಿಳಿಸಿ ಕಳುಹಿಸಿದ ಉತ್ತರಗಳು ಅವರ ಪೆಟ್ಟಿಗೆಯಲ್ಲಿಯೇ ಉಳಿದವು. ಈಗ ಮೊಬೈಲ್ ಸಂಖ್ಯೆ ಕಡ್ಡಾಯ, ಇಮೇಲ್ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಸಂಖ್ಯೆಯ ಕಾಲಂ ಹತ್ತೇ ಅಂಕಿ ಬೇಕೆನ್ನುತ್ತಿತ್ತು, ಸೌದಿಯ 966, ಯುಎಇಯ 971 ಸೇರಿಸಿ ಬರೆದ ತಂದೆಯಂದಿರ ಸಂಖ್ಯೆಯನ್ನು ‘ತಪ್ಪು’ ಎಂದು ಹಿಂದಿರುಗಿಸುತ್ತಿತ್ತು. ದುಡಿಯುವುದಕ್ಕೆ ಕಡಲು ದಾಟಿದವರಿಗೆ ನಮ್ಮ ಫಾರ್ಮಿನಲ್ಲಿ ಜಾಗ ಇರಲಿಲ್ಲ. ಅದೂ ಸರಿಯಾಗಿದೆ.

ಕನ್ನಡದಲ್ಲಿ ತುಂಬಿದ ಅರ್ಜಿಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತಿದ್ದವು. ನಾವು ಹುಡುಗನನ್ನು ಕೇಳಿದರೆ, ಡೇಟಾಬೇಸಿಗೆ ಕನ್ನಡ ಅಕ್ಷರ ಹಿಡಿದಿಡಲು ಹೇಳಿಕೊಟ್ಟಿರಲಿಲ್ಲ ಎಂದ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೊದಲ ಆವೃತ್ತಿಯಿಂದಲೇ, 1991ರಿಂದ, ಜಾಗವಿದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಜಾಗ ಹಿಡಿದರೆ ಕನ್ನಡದ ಒಂದೊಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ. ಅಷ್ಟು ಜಾಗ ಕೊಟ್ಟರೆ ಸಾಕು, ಈಗ ‘ಫಾತಿಮಾ’ ಎಂದು ಬರೆದರೆ ಫಾತಿಮಾ ಎಂದೇ ಬರುತ್ತದೆ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡಿ, ಅದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದರೆ ತೊಂದರೆಯಿಲ್ಲ.

ಕೆಲವು ಅರ್ಜಿಗಳು ಪೂರ್ತಿ ಖಾಲಿಯಾಗಿ ಬಂದಿದ್ದವು. ಮಕ್ಕಳು ಆಟಕ್ಕೆ ಒತ್ತಿದ್ದಾರೆ ಎಂದುಕೊಂಡಿದ್ದೆವು, ತಪ್ಪು ತಿಳಿದೆವು. ಅಂಕಪಟ್ಟಿಯ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದರೆ ಒಂದೊಂದು ನಾಲ್ಕೈದು ಎಂಬಿ ಆಗುತ್ತದೆ. ಪಿಎಚ್‌ಪಿಯಲ್ಲಿ ನಾವು ಬದಲಿಸದಿದ್ದರೆ ಒಂದು ಕಡತಕ್ಕೆ ಮಿತಿ 2 ಎಂಬಿ, ಒಟ್ಟು ಅರ್ಜಿಗೆ 8 ಎಂಬಿ. ಒಟ್ಟು ಮಿತಿ ಮೀರಿದರೆ ಫೋಟೋ ಮಾತ್ರವಲ್ಲ, ಬರೆದ ಹೆಸರು, ವಿಳಾಸ ಎಲ್ಲವೂ ಬಿದ್ದುಹೋಗುತ್ತದೆ. ಮೂರು ಫೋಟೋ ಹಾಕಿದವರ ಅರ್ಜಿಯೇ ಖಾಲಿ. ಹೆಚ್ಚು ಜಾಗ್ರತೆಯಿಂದ ತುಂಬಿದವರಿಗೇ ಹೆಚ್ಚು ನಷ್ಟವಾಯಿತು.

ಆದ್ದರಿಂದ ಈ ವರ್ಷ ಮೊದಲ ಹಂತದಲ್ಲಿ ಫೋಟೋ, ದಾಖಲೆ ಯಾವುದೂ ಬೇಡ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಇವೆಲ್ಲ ಇಮೇಲಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದ ಮಕ್ಕಳ ವಿವರಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಒಂದು ಮನೆಯ ಬಡತನದ ಕಾಗದ ಹತ್ತು ಜನರ ಮೊಬೈಲಿನಲ್ಲಿ ಓಡಾಡುವುದು ನಮಗೆ ಇಷ್ಟವಿಲ್ಲ. ಮೂಲ ದಾಖಲೆಗಳನ್ನು ಸಂದರ್ಶನದ ದಿನ ತನ್ನಿ, ನೋಡಿ ಅಲ್ಲೇ ಹಿಂದಕ್ಕೆ ಕೊಡುತ್ತೇವೆ.

"ಇಷ್ಟೆಲ್ಲ ಯಾಕೆ, ವಾಟ್ಸಾಪ್ ಸಾಕಲ್ಲ" ಎಂದು ಸದಸ್ಯರೊಬ್ಬರು ಹೇಳಿದರು. ನಾವು ಒಪ್ಪಲಿಲ್ಲ. ವಾಟ್ಸಾಪ್ ಒಬ್ಬರ ಜೇಬಿನಲ್ಲಿರುತ್ತದೆ, ಶುಭಾಶಯಗಳ ಅಡಿಯಲ್ಲಿ ಅರ್ಜಿ ಮುಚ್ಚಿಹೋಗುತ್ತದೆ, ಯಾರದು ಮೊದಲು ಬಂತು ಎಂದು ತೋರಿಸಲು ಕ್ರಮಸಂಖ್ಯೆ ಇರುವುದಿಲ್ಲ. ಕಾಗದದ ಅರ್ಜಿಯನ್ನು ಮಾತ್ರ ನಿಲ್ಲಿಸಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಒಳ ಊರುಗಳಲ್ಲಿ ನೆಟ್‌ವರ್ಕ್ ಸಿಗದವರು ಬರೆದೇ ಕಳುಹಿಸಬಹುದು, ಅದಕ್ಕೂ ಅದೇ ಪುಸ್ತಕದಲ್ಲಿ ಅದೇ ಸಾಲಿನ ಸಂಖ್ಯೆ ಬೀಳುತ್ತದೆ.

ಪೋಷಕರಿಗೆ ಎರಡು ಮಾತು. ಸರಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ಅದು ನಮಗೆ ಬರುವುದಿಲ್ಲ, ಅದು ಬೇರೆ, ಇದು ಬೇರೆ. ಎರಡಕ್ಕೂ ಹಾಕಿ. ಮತ್ತೆ, ಟ್ರಸ್ಟಿನ ಹೆಸರಿನಲ್ಲಿ ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಕೊಡಬೇಡಿ. ನಾವು ಯಾವತ್ತೂ ಕೇಳುವುದಿಲ್ಲ, ಅರ್ಜಿಗೆ ಹಣವನ್ನೂ ತೆಗೆದುಕೊಳ್ಳುವುದಿಲ್ಲ. ಅರ್ಜಿ ಸಂಖ್ಯೆ ಬಾರದೆ ಪುಟ ಮುಚ್ಚಿದರೆ ಅರ್ಜಿ ಆಗಿಲ್ಲವೆಂದೇ ತಿಳಿದು ಮತ್ತೆ ಹಾಕಿ. ಎರಡು ಸಲ ಬಂದರೆ ಒಂದನ್ನು ನಾವು ತೆಗೆಯುತ್ತೇವೆ, ಅದರಿಂದ ನಿಮಗೆ ತೊಂದರೆಯಿಲ್ಲ.

ಆ ಹುಡುಗಿಯ ವಿಷಯ. ಸಮಿತಿ ವಿಶೇಷ ಸಭೆ ಕರೆದು ಅವಳ ಅರ್ಜಿಯನ್ನು ತಡವಾಗಿ ಪರಿಗಣಿಸಿತು, ಸ್ಪ್ಯಾಮಿನಲ್ಲಿ ಸಿಕ್ಕಿದ ಒಂಬತ್ತನ್ನೂ ನೋಡಿತು. ಅವಳಿಗೆ ಹಣ ಸಿಕ್ಕಿತು. ಅಡವಿನ ಬಡ್ಡಿಯನ್ನು ನಾವು ಕೊಡುತ್ತೇವೆ ಎಂದಾಗ ಆ ತಾಯಿ ಒಪ್ಪಲಿಲ್ಲ. "ನಿಮಗೆ ಗೊತ್ತಿರಲಿಲ್ಲವಲ್ಲ ಟೀಚರ್" ಎಂದರು. ನಾವು ಏನೂ ಹೇಳಲಿಲ್ಲ. ಈ ವರ್ಷ ಹೊಸ ಫಾರ್ಮನ್ನು ಮೊದಲು ತುಂಬಿಸಿ ನೋಡಿದ್ದು ಅವರ ಮೊಬೈಲಿನಲ್ಲಿಯೇ, ಅವರ ಮನೆಯ ಜಗಲಿಯಲ್ಲಿ ಕುಳಿತು. ‘ಕುಟುಂಬದ ವಾರ್ಷಿಕ ಆದಾಯ’ ಎಂಬಲ್ಲಿ ಅವರು ನಿಂತರು. ಬೀಡಿಯ ಲೆಕ್ಕ ವಾರದ್ದು, ವರ್ಷದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಅಲ್ಲೇ ಹುಡುಗನಿಗೆ ಫೋನ್ ಮಾಡಿ ‘ವಾರಕ್ಕೆ, ತಿಂಗಳಿಗೆ, ಅಥವಾ ವರ್ಷಕ್ಕೆ’ ಎಂದು ಮಾಡಿಸಿದೆವು.

ಹೊರಗೆ ಬಾಗಿಲ ಬಳಿಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಮ್ಮ ಇಬ್ಬರು ವಿದ್ಯಾರ್ಥಿಗಳು ಕುಳಿತಿದ್ದಾರೆ. ಅಂಕಪಟ್ಟಿ ತಂದವರು ಊಟಕ್ಕೆ ಹೋಗುವ ಮೊದಲು ಅಲ್ಲಿ ಅರ್ಜಿ ತುಂಬಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿ.